ಗೋಡೆಯ ಮೇಲಿನ ಅಮ್ಮ

ನಮ್ಮೂರು ರಾಡೋಮ್‌ನ ಬಸ್ ನಿಲ್ದಾಣದ ಎದುರಿನ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಎರಡು ಸಾಲು ಬರೆಸಿದ್ದಾರೆ: ‘ನಾಲ್ಕಕ್ಕೇ ಎದ್ದು ಸಾಲಲ್ಲಿ ನಿಂತಳು ಅಮ್ಮ, ಸಂಜೆಗೆ ತಂದಳು ಒಂದು ಬಾಟಲಿ ವಿನಿಗರ್.’ ಕೆಳಗೆ ನಮ್ಮ ಬ್ಯಾಂಡಿನ ಹಾಡುಗಾರ ಸೆವೆರಿನ್‌ನ ಹೆಸರು. ನೋಡಿದಾಗಲೆಲ್ಲ ಮೈ ಉರಿಯುತ್ತದೆ. ಆ ಸಾಲು ಅವನು ಬರೆದದ್ದಲ್ಲ, ಆ ಅಮ್ಮ ಅವನ ಅಮ್ಮನೂ ಅಲ್ಲ. ಅದೇ ಬ್ಯಾಂಡಿನಲ್ಲಿ ಡ್ರಮ್ ಬಾರಿಸಿದವನು ನಾನು, ಲುಡ್ವಿಕ್. ನನಗೆ ಗೊತ್ತು.

ಬರೆದವಳು ಗೇನ್ಯಾ. ನಾವು ಅಭ್ಯಾಸ ಮಾಡುತ್ತಿದ್ದ ಸಂಸ್ಕೃತಿ ಭವನದಲ್ಲಿ ಟೈಪಿಸ್ಟ್ ಆಗಿದ್ದಳು. ಅವಳ ಅಮ್ಮ ಸ್ಟೆಫಾನಿಯಾ ಬೂಟಿನ ಕಾರ್ಖಾನೆಯಲ್ಲಿ ಅಟ್ಟೆ ಹೊಲಿಯುತ್ತಿದ್ದಳು. ಎಂಬತ್ತೆರಡರ ಫೆಬ್ರವರಿಯಲ್ಲಿ ಮಾಂಸದ ಅಂಗಡಿಯ ಸಾಲಿನಲ್ಲೇ ತಲೆಸುತ್ತಿ ಬಿದ್ದಳು. ಸಾಲಿನವರು ಅವಳನ್ನು ಬೆಂಚಿನ ಮೇಲೆ ಮಲಗಿಸಿ ಅವಳ ಜಾಗವನ್ನು ಕಾಯ್ದರು. ಎಚ್ಚರವಾಗಿ ಅವಳ ಸರದಿ ಬರುವಷ್ಟರಲ್ಲಿ ಮಾಂಸ ಮುಗಿದಿತ್ತು, ಕಪಾಟಿನಲ್ಲಿ ಉಳಿದದ್ದು ವಿನಿಗರ್ ಮಾತ್ರ. ಬರಿಗೈಯಲ್ಲಿ ಬರಬಾರದೆಂದು ಅದನ್ನೇ ತಂದಳು. ಮೂರು ವಾರಕ್ಕೆ ತೀರಿಕೊಂಡಳು.

ಎರಡು ವರ್ಷದ ನಂತರ ನಮ್ಮ ‘ಬ್ಲಾಖಾ’ ಬ್ಯಾಂಡಿಗೆ ಆಲ್ಬಮ್ ಮಾಡುವ ಯೋಗ ಬಂತು. ಪ್ರತಿ ಹಾಡಿನ ಮಾತೂ ಟೈಪಾಗಿ ಸರ್ಕಾರದ ಸೆನ್ಸಾರ್ ಕಚೇರಿಗೆ ಹೋಗಬೇಕು. ಗೇನ್ಯಾ ಆ ಕೆಲಸದಲ್ಲಿ ಪಳಗಿದ್ದಳು.

“ಅವ್ರಿಗೆ ಕಡಿಯೋಕೆ ಒಂದು ಮೂಳೆ ಹಾಕ್ಬೇಕು ಕಣ್ರೋ,” ಎಂದಳು. “ಖಾರವಾಗಿ ಎರಡು ಸಾಲು ಸೇರಿಸೋಣ. ಅದನ್ನ ಹೊಡೆದು ಹಾಕ್ತಾರೆ, ಕೆಲಸ ಮಾಡಿದ್ವಿ ಅಂತ ಖುಷಿಪಡ್ತಾರೆ, ಉಳಿದದ್ದು ಪಾರಾಗತ್ತೆ.”

ಎಲ್ಲ ಬ್ಯಾಂಡಿನವರೂ ಮಾಡುತ್ತಿದ್ದ ಉಪಾಯವೇ ಅದು. ಅವಳು ಅಲ್ಲೇ ಕುಳಿತು, ಚಹಾ ಆರುವ ಮೊದಲೇ ತನ್ನ ಅಮ್ಮನ ಕಥೆಯನ್ನು ಎರಡು ಸಾಲಾಗಿ ಟೈಪ್ ಮಾಡಿದಳು. ಕಡಿಯಲಿ ಎಂದೇ ಬರೆದದ್ದು. ಹಾಳೆ ವಾಪಸ್ ಬಂದಾಗ ಕೆಂಪು ಪೆನ್ಸಿಲ್ ಬಿದ್ದಿದ್ದು ಸೆವೆರಿನ್‌ನ ಸ್ವಂತ ಪದ್ಯದ ಮೇಲೆ, ಕಾರ್ಖಾನೆಯ ಗೇಟಿನ ಗುಬ್ಬಿಗಳ ಬಗ್ಗೆ ಅವನು ಬರೆದದ್ದರ ಮೇಲೆ. ಮೂಳೆಯನ್ನು ಯಾರೂ ಮುಟ್ಟಿರಲಿಲ್ಲ. ಮಾರನೆಯ ದಿನವೇ ರೆಕಾರ್ಡಿಂಗ್. ಇದ್ದದ್ದನ್ನೇ ಹಾಡಿದೆವು.

ರೇಡಿಯೋದವರು ಇಡೀ ಆಲ್ಬಮ್ಮನ್ನು ಮಧ್ಯೆ ಮಾತಿಲ್ಲದೆ ಬಿತ್ತರಿಸಿದರು. ದೇಶವೆಲ್ಲ ಕ್ಯಾಸೆಟ್ಟಿಗೆ ಇಳಿಸಿಕೊಂಡಿತು. ಎಲ್ಲರ ಬಾಯಲ್ಲೂ ಆ ಎರಡೇ ಸಾಲು.

“ಆಲ್ಬಮ್ ಮೇಲೆ ಟೈಪಿಸ್ಟ್ ಹೆಸರನ್ನ ಯಾರಾದ್ರೂ ಹಾಕ್ತಾರೇನೋ?” ಎಂದು ಸೆವೆರಿನ್ ನಕ್ಕ. ಗೇನ್ಯಾಳೂ ಬಿಟ್ಟುಬಿಟ್ಟಳು, ಹೆಸರು ಹೊರಗೆ ಬಂದರೆ ಅವಳ ಕೆಲಸಕ್ಕೆ ಕುತ್ತು.

ಸರ್ಕಾರ ಬದಲಾದ ಮೇಲೆ ಸೆವೆರಿನ್ ಟಿವಿಯಲ್ಲಿ ಕುಳಿತು “ನಮ್ಮಮ್ಮ ಸಾಲಲ್ಲಿ ನಿಂತು ನಿಂತು...” ಎಂದು ಕಣ್ಣೊರೆಸಿಕೊಳ್ಳತೊಡಗಿದ. ಅವನ ಅಪ್ಪ ಕಾರ್ಖಾನೆಯ ನಿರ್ದೇಶಕ. ಅವರ ಮನೆಗೆ ಹಂದಿಮಾಂಸ ಹಿಂಬಾಗಿಲಿನಿಂದ ಬರುತ್ತಿತ್ತು, ನಾನೇ ತಿಂದಿದ್ದೇನೆ. ಗೇನ್ಯಾ ಅವನಿಗೆ ಏಳು ಪತ್ರ ಬರೆದಳು. ಉತ್ತರವಾಗಿ ಬಂದದ್ದು ರುಜು ಹಾಕಿದ ಅವನ ಫೋಟೋ.

“ದುಡ್ಡು ಅವನ ಹತ್ರಾನೇ ಇರ್ಲಿ,” ಎಂದು ನನ್ನೆದುರು ಕುದಿದಳು. “ನಮ್ಮಮ್ಮನ್ನ ವಾಪಸ್ ಕೊಡ್ಲಿ. ಆಕೆ ಸ್ಟೆಫಾನಿಯಾ ಅಂತ ಒಂದು ಸಲ ಬಾಯಿಬಿಟ್ಟು ಹೇಳ್ಲಿ.”

ಕಳೆದ ಶರತ್ಕಾಲಕ್ಕೆ ಆಲ್ಬಮ್ಮಿಗೆ ನಲವತ್ತು ವರ್ಷ ತುಂಬಿತು. ಗೋಡೆಯ ಪರದೆ ಸರಿಸುವ ಸಮಾರಂಭ. ಎದೆಗೆ ನಗರಸಭೆಯ ಪದಕ ಸಿಕ್ಕಿಸಿಕೊಂಡು ನಾನೂ ವೇದಿಕೆಯ ಮೇಲಿದ್ದೆ. ಸೆವೆರಿನ್ ಅದೇ ಹಳೆಯ ಅಳು ಶುರುಮಾಡಿದ. ಮುಂದಿನ ಸಾಲಿನಿಂದ ಗೇನ್ಯಾ ಎದ್ದಳು.

“ನಿಮ್ಮಮ್ಮ ಯಾವ ಅಂಗಡಿ ಮುಂದೆ ನಿಂತಿದ್ರು, ಸೆವೆರಿನ್?”

“ಗೇನ್ಯಾ ಮೇಡಂ! ನಮಗೆಲ್ಲ ಚಹಾ ಮಾಡಿಕೊಡ್ತಿದ್ರು,” ಎಂದು ಅವನು ಜನರಿಗೆ ಹೇಳಿದ. ಚಪ್ಪಾಳೆ ಬಿತ್ತು.

“ಅದು ಬೇಡ. ಕೆಂಪು ಪೆನ್ಸಿಲ್ ಹೊಡೆದ ನಿನ್ನ ಪದ್ಯ ಇತ್ತಲ್ಲ, ಅದನ್ನ ಹೇಳು.”

ಅವನಿಗೆ ಒಂದು ಪದವೂ ಬರಲಿಲ್ಲ. ಅವಳೇ ಹೇಳಿದಳು, ಗುಬ್ಬಿ, ಗೇಟು, ಮಸಿ, ನಾಲ್ಕೂ ಸಾಲು, ಒಂದಕ್ಷರ ತಪ್ಪದೆ. ಜನ ಪಿಸುಗುಟ್ಟತೊಡಗಿದರು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

“ಲುಡ್ವಿಕ್, ನೀನು ಅಲ್ಲೇ ಇದ್ದೆಯಲ್ಲ. ಹೇಳು.”

ಮೈಕು ನನ್ನ ಮೂಗಿನ ಕೆಳಗೇ ಇತ್ತು. ನಗರಾಧ್ಯಕ್ಷರು ನೋಡುತ್ತಿದ್ದರು, ಸೆವೆರಿನ್ ನೋಡುತ್ತಿದ್ದ. “ತುಂಬಾ ವರ್ಷ ಆಯ್ತು,” ಎಂದೆ. “ಸರಿಯಾಗಿ ನೆನಪಿಲ್ಲ.”

ಗೇನ್ಯಾ ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದಳು. ಜನ ದಾರಿ ಬಿಟ್ಟರು.

ಆ ಭಾನುವಾರ ಗಸಗಸೆಯ ಕೇಕು ಹಿಡಿದು ಅವಳ ಮನೆಗೆ ಹೋದೆ. ಪೇಪರಿಗೆ ಎಲ್ಲವನ್ನೂ ಬರೆಯುತ್ತೇನೆ, ನಿನ್ನ ಅಮ್ಮನ ಹೆಸರನ್ನೂ ಹಾಕುತ್ತೇನೆ ಎಂದು ಬಾಗಿಲಾಚೆಯಿಂದ ಕೂಗಿದೆ. ಅವಳು ಸರಪಳಿ ತೆಗೆಯಲಿಲ್ಲ.

“ಬರ್ಕೋ,” ಎಂದಳು ಬಾಗಿಲ ಸಂದಿಯಿಂದ. “ಸೆವೆರಿನ್ ನಮ್ಮಮ್ಮನ್ನ ಕದ್ದ. ನಲವತ್ತು ವರ್ಷ ಕಾವಲು ನಿಂತೋನು ನೀನು. ಅದನ್ನೂ ಬರಿ.”