ಕಂಪ್ಯೂಟರ್ ಮನೆ ತುಂಬಿಸುವ ಒಸನಾಯ್

ಹಿರೊಸಾಕಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಸಾಯ್ ಎಲೆಕ್ಟ್ರಿಕ್ ಅಂಗಡಿಯ ಮುಂದೆ ಬಿದ್ದ ಹಿಮವನ್ನು ಒಸನಾಯ್ ಶಿಗೆಜಿ ಸಲಿಕೆಯಿಂದ ಬದಿಗೆ ತಳ್ಳುತ್ತಿದ್ದಾರೆ. ದಾರಿಯಾದ ಮೇಲೆ ವ್ಯಾನಿಗೆ ಪೆಟ್ಟಿಗೆ ತುಂಬುವ ಸರದಿ. ಮೊದಲು ಭಾರದ ಪರದೆ, ಆಮೇಲೆ ಪೆಟ್ಟಿಗೆಯಷ್ಟೇ ದೊಡ್ಡ ಕಂಪ್ಯೂಟರ್, ಸ್ಪೀಕರ್ ಜೋಡಿ, ಕೊನೆಗೆ ಪ್ರಿಂಟರ್. ನಡುನಡುವೆ ಹಳೆಯ ರಜಾಯಿ ತುರುಕುತ್ತಾರೆ. "ಮೊಟ್ಟೆ ಸಾಗಿಸೋದು ಇದಕ್ಕಿಂತ ವಾಸಿ. ಒಡೆದ್ರೆ ಆಮ್ಲೆಟ್ಟಾದ್ರೂ ಆಗುತ್ತೆ," ಎಂದು ಜೊತೆಗೆ ಬಂದಿರುವ ಪತ್ರಿಕೆಯವರಿಗೆ ಹೇಳುತ್ತಾರೆ.

ಇದು ತೊಂಬತ್ತೆಂಟರ ಡಿಸೆಂಬರ್. ಚಳಿಗಾಲದ ಬೋನಸ್ ಕೈಗೆ ಬಂದಿದೆ. ಹೊಸ ವರ್ಷದ ಶುಭಾಶಯದ ಕಾರ್ಡುಗಳನ್ನು ಈ ಸಲ ಮನೆಯಲ್ಲೇ ಅಚ್ಚು ಹಾಕಬೇಕೆಂಬ ಹುಕಿ ಇಡೀ ಊರಿಗೇ ಹತ್ತಿದೆ. ಕಂಪ್ಯೂಟರಿನಲ್ಲಿ ಹಾಡು ಕೇಳಬಹುದು, ಹಕ್ಕಿಗಳ ಸಿಡಿ ನೋಡಬಹುದು ಎಂದು ಜಾಹೀರಾತು ಕೂಗುತ್ತದೆ. ಕೊಂಡವರಿಗೆ ಮಾತ್ರ ಯಾವ ತಂತಿ ಯಾವ ತೂತಿಗೆ ಎಂದು ಗೊತ್ತಿಲ್ಲ. ಆ ತಂತಿ ಸಿಕ್ಕಿಸುವವರು ಐವತ್ತೊಂಬತ್ತರ ಒಸನಾಯ್. ದಿನಕ್ಕೆ ಮೂರು ಮನೆ, ಹಿಮ ಜೋರಾದರೆ ಎರಡು. ವಾಷಿಂಗ್ ಮೆಷಿನ್ ರಿಪೇರಿಗೆಂದು ಈ ಅಂಗಡಿ ಸೇರಿದವರು, ಅಂಗಡಿಗೆ ಬಂದ ಮೊದಲ ಕಂಪ್ಯೂಟರನ್ನು ಬಿಚ್ಚಿ ಕೂಡಿಸಿಯೇ ಈ ಕೆಲಸ ಕಲಿತರು.

ವ್ಯಾನು ಹೊರಡುವ ಮುಂಚೆ ಮಾಲೀಕನ ಹೆಂಡತಿ ಯೋಶಿಎ ಒಂದು ಕಟ್ಟು ಕಾರ್ಡು ತಂದು ಕಿಟಕಿಯೊಳಗೆ ಇಡುತ್ತಾರೆ. ಬೂದು ಅಂಚಿನ ಖಾಲಿ ಕಾರ್ಡುಗಳು. ಮನೆಯಲ್ಲಿ ಸಾವಾಗಿದೆ, ಈ ಸಲ ನಮಗೆ ಶುಭಾಶಯ ಬೇಡ ಎಂದು ತಿಳಿಸುವಂಥವು. ಜನ ಕಾರ್ಡು ಬರೆಯಲು ಕೂರುವ ಮೊದಲೇ ಇವು ತಲುಪಬೇಕು. ಒಸನಾಯ್ ಅವರ ಹೆಂಡತಿ ತೊಮಿಕೊ ಏಪ್ರಿಲ್‌ನಲ್ಲಿ ತೀರಿಕೊಂಡರು.

"ಅಣ್ಣಾ, ಇನ್ನೂ ಎಷ್ಟು ದಿನ? ದೂರದವರಿಗೆ ಏನೂ ಗೊತ್ತಿಲ್ಲ. ಅವರು ಖುಷಿಯಾಗಿ ಕಾರ್ಡು ಹಾಕಿ ಆಮೇಲೆ ಗೊತ್ತಾದ್ರೆ ಮುಖ ಎಲ್ಲಿಟ್ಕೋಬೇಕು?"

"ಮಾಡ್ತೀನಮ್ಮ. ಕೆಲಸ ಬಿಡುವಾಗ್ಲಿ."

"ಊರೋರ ಕಾರ್ಡೆಲ್ಲಾ ಅಚ್ಚು ಹಾಕಿಸಿಕೊಡೋಕೆ ಬಿಡುವಿದೆ ನಿಮಗೆ."

ಒಸನಾಯ್ ಗೇರು ಹಾಕುತ್ತಾರೆ.

ಮೊದಲ ಮನೆ ಸೇಬಿನ ತೋಟಗಳಾಚೆಯ ನರಿತಾ ಕುಟುಂಬದ್ದು. ಮಗ ಸಕಾಎ ಸೇಬು ತುಂಬುವ ಶೆಡ್ಡಿನ ಮೇಸ್ತ್ರಿ. ಕಂಪ್ಯೂಟರ್ ಎಲ್ಲಿಡಬೇಕೆಂದು ಅವನ ತಾಯಿ ಆಗಲೇ ತೀರ್ಮಾನಿಸಿದ್ದಾರೆ. ನಡುಮನೆಯ ಗೂಡಿನಲ್ಲಿದ್ದ ಚಿತ್ರಸುರುಳಿಯನ್ನು ಸುತ್ತಿಟ್ಟು, ಹೂದಾನಿ ಎತ್ತಿ, ಜಾಗ ಒರೆಸಿಟ್ಟಿದ್ದಾರೆ. ಮನೆಯಲ್ಲಿ ಅದಕ್ಕಿಂತ ಗೌರವದ ಜಾಗ ಇನ್ನೊಂದಿಲ್ಲ, ನಿಜ. ಆದರೆ ಅಲ್ಲಿ ಪ್ಲಗ್ಗೂ ಇಲ್ಲ, ಕಾಲು ಚಾಚಲು ಎಡೆಯೂ ಇಲ್ಲ.

"ಅಜ್ಜಿ, ಇಲ್ಲಿಟ್ರೆ ಇದರ ಮುಂದೆ ದಿನಾ ಮಂಡಿಯೂರಿ ಕೂರ್ಬೇಕಾಗುತ್ತೆ."

"ಇಷ್ಟು ದುಡ್ಡು ಸುರಿದ ಮೇಲೆ ಕೂರ್ತೀವಪ್ಪ. ಏನೀಗ?"

ಕೊನೆಗೆ ಅಡಿಯಲ್ಲಿ ಹೀಟರ್ ಇರುವ ಬೆಚ್ಚನೆಯ ಮೇಜಿನ ಪಕ್ಕ ಅಜ್ಜಿ ಒಪ್ಪುತ್ತಾರೆ. ಇಂಥ ರಾಜಿ ಒಸನಾಯ್‌ಗೆ ಹೊಸದಲ್ಲ. ಪೆಟ್ಟಿಗೆ ಬಿಚ್ಚುವಾಗ ಸಕಾಎಗೆ ಹಣದ ಕಸಿವಿಸಿ ಶುರುವಾಗುತ್ತದೆ. "ಬೇಸಿಗೆಗೆ ಇದಕ್ಕಿಂತ ಒಳ್ಳೇದು ಬರುತ್ತಂತೆ. ಸ್ವಲ್ಪ ಕಾದಿದ್ರೆ ಚೆನ್ನಾಗಿತ್ತೇನೋ."

"ಕಾಯ್ಬೇಡಿ," ಎನ್ನುತ್ತಾರೆ ಒಸನಾಯ್. ದನಿ ತುಸು ಒರಟಾಗಿದೆ. ಆಮೇಲೆ ಮೆತ್ತಗೆ, "ಅಮ್ಮ ಇಲ್ಲೇ ಕೂತಿದಾರಲ್ಲ, ಇವತ್ತೇ ಹಚ್ಚೋಣ," ಎಂದು ಸೇರಿಸುತ್ತಾರೆ.

ಯಂತ್ರ ಚಾಲೂ ಆಗಿ ಮೊದಲ ಸದ್ದು ಸ್ಪೀಕರಿನಿಂದ ಹೊಮ್ಮಿದಾಗ ಅಜ್ಜಿ "ಓ" ಎಂದು ಬಾಯಿ ಮುಚ್ಚಿಕೊಳ್ಳುತ್ತಾರೆ. ಪ್ರತಿ ವರ್ಷಕ್ಕೂ ಒಂದು ಪ್ರಾಣಿ, ಕಾರ್ಡಿನ ಮೇಲೆ ಅದರ ಚಿತ್ರ; ಈ ವರ್ಷ ಹುಲಿಯದು, ಬರುವುದು ಮೊಲದ ವರ್ಷ. ಪ್ರಿಂಟರಿನಿಂದ ಬಿಳಿ ಮೊಲವೊಂದು ಹೊರಬರುತ್ತದೆ. ಅಜ್ಜಿಗೆ ಏನೋ ನೆನಪಾಗುತ್ತದೆ.

"ನಿಮ್ಮಾಕೆ ಆರಾಮಾ? ಹೋದ ಸಲದ ಕಾರ್ಡಲ್ಲಿ ಕೈಯಾರೆ ಹುಲಿ ಬರೆದಿದ್ಲು. ನಮ್ಮನೆ ಬೆಕ್ಕಿಗಿಂತ ಸಾಧು ಹುಲಿ."

"ಆರಾಮಿದಾಳೆ ಅಜ್ಜಿ."

ಅಷ್ಟೇ. ಆಮೇಲೆ ಚಹಾ, ಉಪ್ಪಿನಲ್ಲಿ ನೆನೆಸಿದ ಮೂಲಂಗಿ, ಅಜ್ಜಿ ಕಟ್ಟಿಕೊಟ್ಟ ಸೇಬು. ಒಸನಾಯ್ ಎಲ್ಲಕ್ಕೂ ತಲೆಬಾಗಿ ಹೊರಬೀಳುತ್ತಾರೆ.

ರೈಲ್ವೆ ಗೇಟಿನ ಹತ್ತಿರ ವ್ಯಾನು ನಿಲ್ಲಿಸಿ ಒಸನಾಯ್ ಪತ್ರಿಕೆಯವರ ಕಡೆ ತಿರುಗುತ್ತಾರೆ. "ಅಜ್ಜಿಗೆ ಸುಳ್ಳು ಹೇಳ್ಬೇಕು ಅಂತಿರ್ಲಿಲ್ಲ. ಕಾರ್ಡು ಬಂದ್ರೆ ಅದರ ಮೇಲೆ ಇಬ್ಬರ ಹೆಸರಿರುತ್ತೆ. ಶಿಗೆಜಿಗೆ, ತೊಮಿಕೊಗೆ ಅಂತ. ಆ ಬೂದು ಕಾರ್ಡು ಕಳಿಸಿದ್ರೆ ಈ ಸಲ ಯಾರೂ ಏನೂ ಹಾಕಲ್ಲ. ಮುಂದಿನ ವರ್ಷದಿಂದ ನನ್ನೊಬ್ಬನ ಹೆಸರು. ಅದಕ್ಕೇ ಕೈ ಓಡ್ತಿಲ್ಲ."

ತೊಮಿಕೊಗೂ ಕಂಪ್ಯೂಟರಿನ ಆಸೆಯಿತ್ತು. ಹುಲಿ ಬರೆದು ಬರೆದು ಬೆರಳು ನೋಯಿಸಿಕೊಂಡ ಆಕೆ ಜನವರಿಯಲ್ಲಿ, "ನಮ್ಮನೆಗೆ ಯಾವಾಗ?" ಎಂದು ಕೇಳಿದ್ದರು. ಬೇಸಿಗೆಗೆ ಹೊಸ ಮಾದರಿ ಬರಲಿ, ಬೆಲೆ ಇಳಿಯಲಿ ಎಂದು ಒಸನಾಯ್ ಹೇಳಿದರು. ಗಿರಾಕಿಗಳಿಗೆಲ್ಲ ಹೇಳುತ್ತಿದ್ದ ಮಾತೇ ಅದು. "ಒಳ್ಳೇ ಸಲಹೆನೇ. ಬೆಲೆ ಇಳೀತು ಕೂಡ," ಎನ್ನುತ್ತಾರೆ. ಆಗಸ್ಟಿನಲ್ಲಿ ಒಂದನ್ನು ಕೊಂಡು ಮನೆಗೆ ತಂದರು. ಅದು ಇನ್ನೂ ಪೆಟ್ಟಿಗೆಯಲ್ಲೇ ಇದೆ.

ಭಾನುವಾರ ಮಧ್ಯಾಹ್ನ ಆ ಪೆಟ್ಟಿಗೆ ಬಿಚ್ಚಿಕೊಳ್ಳುತ್ತದೆ. ಅಜ್ಜಿಗೆ ಹೇಳಿದ ಸುಳ್ಳನ್ನು ಹಾಗೇ ಬಿಡಲಾಗುವುದಿಲ್ಲ ಎಂಬುದು ಒಸನಾಯ್ ಕೊಡುವ ಕಾರಣ. ತೊಮಿಕೊ ಫೋಟೊದ ಮುಂದೆ ಬಿಸಿ ಅನ್ನ ಇಟ್ಟು ಬಂದು ತಂತಿ ಸಿಕ್ಕಿಸುತ್ತಾರೆ. ಬೇರೆ ಮನೆಗಳಲ್ಲಿ ಮಾಡುವ ಹಾಗೆಯೇ ನೆಲಕ್ಕೆ ಬಟ್ಟೆ ಹಾಸಿ, ಪರದೆ ಒರೆಸಿ, ಕುರ್ಚಿಯ ಎತ್ತರ ನೋಡುತ್ತಾರೆ. ಸ್ಪೀಕರಿನಿಂದ ಅದೇ ಸದ್ದು ಹೊಮ್ಮುತ್ತದೆ. ಒಸನಾಯ್ ಒಂದೊಂದೇ ಕೀಲಿ ಒತ್ತಿ ಹೆಂಡತಿಯ ಹೆಸರು ಬರೆಯುತ್ತಾರೆ.

ಕತ್ತಲಾಗುವ ಹೊತ್ತಿಗೆ ಬೂದು ಕಾರ್ಡುಗಳೆಲ್ಲ ಅಚ್ಚಾಗಿವೆ. ನರಿತಾ ಅಜ್ಜಿಯದು ಎಲ್ಲಕ್ಕಿಂತ ಮೇಲಿದೆ. ಅದರ ಕೆಳಗೆ ಪೆನ್ನಿನಲ್ಲಿ ಎರಡು ಸಾಲು ಕ್ಷಮೆ ಕೇಳಿದ್ದಾರೆ. ಅಂಚೆ ಡಬ್ಬಿ ಬೀದಿಯ ತುದಿಯಲ್ಲೇ ಇದೆ. ಬೂಟು ಹಾಕಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ಕಟ್ಟಿನಿಂದ ಒಂದು ಕಾರ್ಡು ಎಳೆದು ಜೇಬಿಗೆ ಹಾಕಿಕೊಳ್ಳುತ್ತಾರೆ.

"ಇದು ಸಕುರಾಬಾ ಹತ್ಸುಎ ಅವರದು. ತೊಮಿಕೊ ಹುಡುಗಿಯಾಗಿದ್ದಾಗ ನಗೋಯಾದ ನೂಲಿನ ಗಿರಣಿಯಲ್ಲಿ ಜೊತೆಗೆ ಕೆಲಸ ಮಾಡ್ತಿದ್ದೋರು. ಅವರ ಕಾರ್ಡಿನ ಮೇಲೆ ನನ್ನ ಹೆಸರು ಯಾವತ್ತೂ ಇರಲ್ಲ, ಬರೀ ಅವಳದೇ. ಈ ಸಲ ಅವರ ಕಾರ್ಡೊಂದು ಬಂದುಬಿಡ್ಲಿ. ಆಮೇಲೆ ನಾನೇ ಕಾಗದ ಬರೆದು ತಪ್ಪಾಯ್ತು ಅಂತೀನಿ."

ಹಿಮಕ್ಕೆ ಇಳಿದವರು ಮತ್ತೆ ತಿರುಗಿ, ಬರೆದುಕೊಳ್ಳುತ್ತಿರುವವರನ್ನು ಕೇಳುತ್ತಾರೆ: "ನಿಮ್ಮ ಪತ್ರಿಕೆ ನಗೋಯಾಗೆ ಹೋಗಲ್ಲ ತಾನೇ?"