ಅಜ್ಜಿಯ ಹಸೆ ಹಾಡು, ಸೆಲ್ವಿಯ ಬಾಯಲ್ಲಿ

ಅವರೆಕಾಯಿ ಕಾಲ ಬಂತೆಂದರೆ ಬಂಗಾರಪೇಟೆಯ ಮಾರ್ಕೆಟ್ಟಿನ ತುಂಬ ಸೊಗಡು. ಕಾಯಿ ಸುಲಿದ ಬೆರಳನ್ನು ಎಷ್ಟು ಸೋಪು ಹಾಕಿ ತೊಳೆದರೂ ಆ ವಾಸನೆ ಹೋಗುವುದಿಲ್ಲ. ನಾನು ತೊಳೆಯಲು ಹೋಗುವುದೂ ಇಲ್ಲ. ಬೆರಳನ್ನು ಮೂಗಿನ ಹತ್ತಿರ ಹಿಡಿದು ಸುಮ್ಮನೆ ಕೂತುಬಿಡುತ್ತೇನೆ. ಕಾಮಸಮುದ್ರದ ದಾರಿಯಲ್ಲಿದ್ದ ನಮ್ಮ ಮನೆ, ಸಗಣಿ ಸಾರಿಸಿದ ಅದರ ನಡುಮನೆ, ಗೋಡೆಯಾಚೆ ಮೆಲುಕು ಹಾಕುತ್ತಿದ್ದ ಸೀಮೆಹಸು, ಮೊರದ ಮುಂದೆ ಕಾಲು ಚಾಚಿ ಕೂತ ಅಜ್ಜಿ, ಎಲ್ಲ ಒಟ್ಟಿಗೆ ಎದುರಿಗೆ ಬರುತ್ತವೆ. ಆ ಮನೆ ಈಗಿಲ್ಲ. ಅದನ್ನು ಕೆಡವಿ ಚಿಕ್ಕಪ್ಪ ದನಗಳಿಗೆ ತಗಡಿನ ಶೆಡ್ಡು ಹಾಕಿಸಿದ್ದಾರೆ. ಅಜ್ಜಿಯೂ ಇಲ್ಲ. ನಿಮಗೂ ಇಂಥದೊಂದು ಮನೆ, ಇಂಥವಳೊಬ್ಬ ಅಜ್ಜಿ ಇದ್ದಿದ್ದರೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬದುಕಿದ್ದಾಗಲೇ ಅಜ್ಜಿಯನ್ನು ಇನ್ನೊಬ್ಬರ ಮನೆಯ ಹುಡುಗಿಗೆ ಬಿಟ್ಟುಕೊಟ್ಟವರು ನಿಮ್ಮಲ್ಲಿ ಕಡಿಮೆ ಇರಬೇಕು. ನಾನು ಬಿಟ್ಟುಕೊಟ್ಟೆ, ಅದೂ ನಾನೇ ಕೈಹಿಡಿದು ಕರೆದುಕೊಂಡು ಹೋಗಿ.

ಮೈಸೂರು ಮೈನ್ಸಿನಲ್ಲಿ ಚಿನ್ನದ ಗಣಿಯ ಕಾಲದ ಹಳೆಯ ಕಟ್ಟಡವೊಂದಿತ್ತು. ಗಣಿ ನಿಂತ ಮೇಲೆ ಅಲ್ಲಿನ ನಾಲ್ಕು ಜನ ಸೇರಿ ಅದನ್ನು ಗುಡಿಸಿ ಸಾರಿಸಿ ಕಲಾಕೇಂದ್ರ ಮಾಡಿಕೊಂಡಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಚಿತ್ರ, ಕುಣಿತ, ಹಾಡು ಕಲಿಸುತ್ತಿದ್ದರು. ಅಲ್ಲಿಗೆ ಬರುವ ಮಕ್ಕಳೆಲ್ಲ ಹೆಚ್ಚಾಗಿ ಮನೆಯಲ್ಲಿ ತಮಿಳು ಆಡುವವರು. ನಾನು ಹಳ್ಳಿಯಿಂದ ಬಸ್ಸಿನಲ್ಲಿ ಬರುವ, ತಲೆಗೆ ಹರಳೆಣ್ಣೆ ಮೆತ್ತಿಕೊಂಡ ಹುಡುಗಿ. ನನ್ನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಒಂದು ಶನಿವಾರ ಅಲ್ಲಿನ ಮೇಡಂ, "ಯಾರ ಮನೇಲಿ ಹಳೇ ಹಾಡು ಹೇಳೋರು ಇದ್ದಾರೆ?" ಎಂದು ಕೇಳಿದರು. ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ. ಮದುವೆಯಲ್ಲಿ ಹೆಣ್ಣನ್ನು ಹಸೆಯ ಮೇಲೆ ಕೂರಿಸುವಾಗ ಹಾಡಲು ಸುತ್ತಲ ಹಳ್ಳಿಯವರೆಲ್ಲ ನನ್ನ ಅಜ್ಜಿಯನ್ನೇ ಕರೆಯುತ್ತಿದ್ದರು. ಅಜ್ಜಿ ಬಂದು ಹಾಡಿದರೆ ನನ್ನ ಬೆಲೆಯೂ ಏರುತ್ತದೆ ಎಂದುಕೊಂಡಿದ್ದೆ.

ಏರಿದ್ದು ಅಜ್ಜಿಯ ಬೆಲೆ ಮಾತ್ರ. ಸುಮ್ಮನೆ ಕೈಕಟ್ಟಿ ಕೂತು ಹಾಡಲು ಅವಳಿಗೆ ಬರುತ್ತಿರಲಿಲ್ಲ. ನಮ್ಮ ಹೊಲದ ಅವರೆಕಾಯಿಯ ಚೀಲವನ್ನು ಕೇಂದ್ರದ ನೆಲದ ಮೇಲೆ ಸುರಿದು, "ಬನ್ರಪ್ಪಾ, ಸುಲೀತಾ ಸುಲೀತಾ ಏಳ್ಕೊಳ್ಳಿ" ಎಂದಳು. ಮಕ್ಕಳು ಮುತ್ತಿಕೊಂಡರು. ಅವಳ ಎದುರಿಗೇ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತವಳು ಸೆಲ್ವಿ. ನನ್ನದೇ ತರಗತಿಯವಳು, ಗಣಿ ಲೈನಿನ, ಎಂದರೆ ಕೂಲಿಯವರ ಸಾಲುಮನೆಯವಳು, ಎರಡು ಜಡೆ, ಚೂಪು ಗಲ್ಲ. ಕನ್ನಡ ಅವಳಿಗೆ ಅಷ್ಟಕ್ಕಷ್ಟೆ. ಹಾಡಿನ ಅರ್ಥ ತಿಳಿಯದೆ ಅಜ್ಜಿಯ ತುಟಿಯನ್ನೇ ನುಂಗುವಂತೆ ನೋಡುತ್ತಿದ್ದಳು. "ಆಯಾ, ಇನ್ನೊರು ವಾಟಿ ಸೊಲ್ಲು" ಎಂದು ಇನ್ನೊಂದು ಸಲ ಹೇಳಿಸಿಕೊಳ್ಳುತ್ತಿದ್ದಳು. ಆಯಾ ಎಂದರೆ ಅವರ ತಮಿಳಿನಲ್ಲಿ ಅಜ್ಜಿ. ಅಜ್ಜಿಗೆ ಒಂದಿಷ್ಟೂ ಬೇಸರವಿಲ್ಲ. "ಏಳ್ತೀನಿ ಇರು, ನಾ ತಲ್ಲಿ" ಎಂದಳು. ನಾ ತಲ್ಲಿ! ನನ್ನ ತಾಯಿ ಎನ್ನುವ ಆ ತೆಲುಗು ಮಾತು ನಮ್ಮ ಮನೆಯಲ್ಲಿ ನನ್ನೊಬ್ಬಳ ಆಸ್ತಿ. ಜ್ವರ ಬಂದಾಗ, ತಲೆ ಬಾಚುವಾಗ, ಹಾಲಿನ ಕೆನೆಯನ್ನು ಬೆರಳಲ್ಲಿ ತೆಗೆದು ಬಾಯಿಗಿಡುವಾಗ ಅಜ್ಜಿ ನನ್ನನ್ನು ಹಾಗೆ ಕರೆಯುತ್ತಿದ್ದಳು. ಅದನ್ನು ಎಲ್ಲರೆದುರು ಎತ್ತಿ ಸೆಲ್ವಿಗೆ ಕೊಟ್ಟುಬಿಟ್ಟಳು. ನನಗೆ ಸಿಕ್ಕ ಕೆಲಸ, ಹಸುವಿಗೆಂದು ಸಿಪ್ಪೆಯನ್ನು ಚೀಲಕ್ಕೆ ತುಂಬುವುದು.

ಆ ಚಳಿಗಾಲವಿಡೀ ಹಾಗೇ ನಡೆಯಿತು. ಒಂದು ಸಂಜೆ ವಾಪಸು ಬರುವ ಬಸ್ಸಿನಲ್ಲಿ ಕೇಳಿಯೇಬಿಟ್ಟೆ. "ನಂಗ್ಯಾಕೆ ಅಜ್ಜಿ ಏಳ್ಕೊಡಲ್ಲ?"

ಅಜ್ಜಿಗೆ ನಗು. "ನಿಂಗೇನೇ ಏಳ್ಕೊಡೋದು? ನೀನು ಮನೇಲಿರೋಳು, ದಿನಾ ಕಿವೀಗ್ ಬೀಳ್ತಾನೇ ಅದೆ. ಅದು ಪರರ ಮನೆ ಮಗು, ವಾರಕ್ಕೊಂದಿನ ಸಿಕ್ತದೆ."

ದಿನಾ ಬಿದ್ದದ್ದು ನಿಜ. ಕಸ ಗುಡಿಸುವಾಗ, ಹಾಲು ಕರೆಯುವಾಗ, ರೊಟ್ಟಿ ತಟ್ಟುವಾಗ ಅವಳ ಬಾಯಲ್ಲಿ ಹಾಡೇ. ಕನ್ನಡ ಬಲ್ಲ ನಾನು ಅರ್ಥ ತಿಳಿದುಕೊಂಡು ಅಷ್ಟಕ್ಕೇ ತೃಪ್ತಳಾಗಿದ್ದೆ. ಕಿವಿಗೆ ಬಿದ್ದದ್ದು ನಾಲಿಗೆಗೆ ಇಳಿಯಲಿಲ್ಲ. ಅಜ್ಜಿ ತೀರಿಕೊಂಡಾಗ ನನ್ನ ಬಳಿ ಉಳಿದದ್ದು ನಾಲ್ಕು ಚೂರುಪಾರು ಸಾಲು. ಆವತ್ತು ಸೆಲ್ವಿಯೂ ಮನೆಗೆ ಬಂದಿದ್ದಳು. ನನಗಿಂತ ಜೋರಾಗಿ ಅತ್ತಳು. ಬಂದ ಹೆಂಗಸರೆಲ್ಲ ನನ್ನನ್ನು ಬಿಟ್ಟು ಅವಳ ಬೆನ್ನು ಸವರುತ್ತಿದ್ದರು. ಅಂಥ ದುಃಖದಲ್ಲೂ ನಾನು ಅದನ್ನು ನೋಡಿಕೊಂಡೆ ನೋಡಿ.

ಈಗ ಸೆಲ್ವಿ ಅದೇ ಕೇಂದ್ರದಲ್ಲಿ ಹಾಡು, ಕುಣಿತದ ಟೀಚರು. ನಾನು ಮದುವೆಯಾಗಿ ಬಂಗಾರಪೇಟೆಯಲ್ಲಿದ್ದೇನೆ. ಮೊನ್ನೆ ಅವಳು ಫೋನು ಮಾಡಿ, ಮಕ್ಕಳಿಗೆ ಅಜ್ಜಿಯ ಹಾಡು ಕಲಿಸಿದ್ದೇನೆ, ವಾರ್ಷಿಕೋತ್ಸವಕ್ಕೆ ಮುಂಚೆ ಒಮ್ಮೆ ಬಂದು ಕೇಳು ಎಂದಳು. ಅಜ್ಜಿಯ ಹಾಡು ಎಂದಳೇ ಹೊರತು ನಿನ್ನ ಅಜ್ಜಿಯ ಹಾಡು ಎನ್ನಲಿಲ್ಲ. ತಪ್ಪು ಹಿಡಿಯಲೆಂದೇ ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದೆ.

ತಪ್ಪು ಸಿಕ್ಕಿತು. ಮಕ್ಕಳು ಸಾಲಾಗಿ ನಿಂತು ಶುರುಮಾಡಿದರು: "ಊವಿನಂಗೆ ಅಗು... ರಾಗಿ, ಅಸೆಮ್ಯಾಲೆ ಕೂರವ್ವ." ಅಗು ಎಂದು ಎಲ್ಲರೂ ಒಮ್ಮೆ ನಿಂತು, ಸುಯ್ಯೆಂದು ಉಸಿರೆಳೆದು, ರಾಗಿ ಎನ್ನುವಾಗ ಕೈಬೀಸಿ ಕಾಳು ಚೆಲ್ಲುವಂತೆ ಕುಣಿದರು. ನನಗೆ ನಗು ಉಕ್ಕಿಬಂತು. ಅಲ್ಲಿ ಯಾವ ರಾಗಿಯೂ ಇಲ್ಲ. ಹೂವಿನ ಹಾಗೆ ಹಗುರಾಗಿ ಹಸೆಯ ಮೇಲೆ ಕೂರು ಎಂದು ಹೆಣ್ಣಿಗೆ ಹೇಳುವ ಮಾತು ಅದು. ಮರುಗಳಿಗೆಗೆ ನೆನಪಾಯಿತು. ಅಜ್ಜಿಗೆ ಉಬ್ಬಸವಿತ್ತು. ಚಳಿಗೆ ಉಸಿರು ಸಾಲದೆ ಅಗು ಎಂದು ನಿಲ್ಲಿಸಿ, ಒಮ್ಮೆ ಎಳೆದುಕೊಂಡು, ಉಳಿದದ್ದನ್ನು ಹೇಳುತ್ತಿದ್ದಳು. ಮಾತು ಗೊತ್ತಿದ್ದ ನಾನು ಮುರಿದದ್ದನ್ನು ಮನಸ್ಸಿನಲ್ಲೇ ಕೂಡಿಸಿಕೊಂಡು ಕೇಳುತ್ತಿದ್ದೆ. ಮಾತು ಗೊತ್ತಿಲ್ಲದ ಸೆಲ್ವಿ ಆ ಉಸಿರನ್ನೂ ಹಾಡೆಂದೇ ಕಲಿತಿದ್ದಳು.

ಬೆವರು ಒರೆಸಿಕೊಳ್ಳುತ್ತಾ ಅವಳು ಬಂದಳು. "ಎಂಗಿತ್ತು ಮಂಜು? ಆ ಅಗು ಅನ್ನೋದು ತೆಲುಗಾ? ನಂಗೆ ಇವತ್ತಿಗೂ ಗೊತ್ತಿಲ್ಲ. ಆಯಾ ಎಲ್ಲಾ ಭಾಷೆ ಸೇರ್ಸಿ ಏಳೋದು. ತಪ್ಪಿದ್ರೆ ಏಳು, ನೀನು ಸ್ವಂತ ಮೊಮ್ಮಗಳು."

ಎಷ್ಟು ವರ್ಷದಿಂದ ಈ ಒಂದು ಮಾತಿಗೆ ಕಾದಿದ್ದೆ! ಒಂದೇ ಮಾತಿನಲ್ಲಿ ಹಾಡನ್ನು ಅವಳಿಂದ ಕಿತ್ತುಕೊಳ್ಳಬಹುದಿತ್ತು. ಆದರೆ ಅಗು, ರಾಗಿ ಎರಡನ್ನೂ ಕೂಡಿಸಿಬಿಟ್ಟರೆ ನಡುವಿನ ಉಸಿರು ಹೋಗುತ್ತದೆ. ನನ್ನ ಅಜ್ಜಿಯ ಉಸಿರು ಈ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ.

"ಸರಿಯಾಗೇ ಅದೆ. ಇನ್ನೊಂದ್ಸಲ ಏಳ್ಸು" ಎಂದೆ.

ಸೆಲ್ವಿ ಚಪ್ಪಾಳೆ ತಟ್ಟಿದಳು. ಮಕ್ಕಳು ಅಗು ಎಂದು ನಿಂತರು, ಅಜ್ಜಿ ಉಸಿರೆಳೆದುಕೊಂಡಳು. ಪಕ್ಕಕ್ಕೆ ತಿರುಗಿ ನೋಡಿದರೆ ಸೆಲ್ವಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಅವಳಿಗೂ ಆ ಉಸಿರು ಕೇಳಿಸುತ್ತಿದೆಯಲ್ಲ ಎಂದು ನನಗೆ ಹೊಟ್ಟೆ ಉರಿಯಿತು.