ಏರಿನ ನೆತ್ತಿಯಲ್ಲಿ ಬಿಚ್ಚಿದ ಪ್ಲಗ್ಗು

ಬೆಳಿಗ್ಗೆ ಐದೂವರೆ. ಮಾಗಡಿ ರಸ್ತೆಯ ಟೋಲ್‌ಗೇಟಿನ ಬಳಿ ಹೊಂಗೆ ಮರದ ಕೆಳಗೆ ಗೋಣಿತಾಟು ಹಾಸಿ ಕೂತ ಹನುಮಕ್ಕ ಆಗಲೇ ಹನ್ನೆರಡು ಸ್ಪಾರ್ಕ್ ಪ್ಲಗ್ಗು ತೊಳೆದಿದ್ದಾರೆ. ಸೀಮೆಎಣ್ಣೆ ಡಬ್ಬಿ, ತಂತಿ ಬ್ರಷ್ಷು, ಹಳೆಯ ಪಂಚೆಯ ತುಂಡು: ಅವರ ವರ್ಕ್‌ಷಾಪು ಇಷ್ಟೇ. ಹೊತ್ತು ಮುಳುಗುವುದರೊಳಗೆ ಅರವತ್ತು ಪ್ಲಗ್ಗಾದರೂ ಅವರ ಕೈ ದಾಟುತ್ತವೆ.

ಕುರುಬರಹಳ್ಳಿಯ ಹನುಮಕ್ಕನಿಗೆ ನಲವತ್ತಾರು ವರ್ಷ. ಎರಡನೇ ಮಹಾಯುದ್ಧದ ಕಾಲದಲ್ಲಿ ಗಂಡ ತೀರಿಕೊಂಡ ಮೇಲೆ ಮಿಲಿಟರಿ ಲಾರಿಗಳ ಷೆಡ್ಡಿನಲ್ಲಿ ಪ್ಲಗ್ಗು ತೊಳೆಯುವ ಕೂಲಿಗೆ ಸೇರಿದರು. ಅಲ್ಲಿ ನಾಲ್ಕು ವರ್ಷ, ಈ ಮರದಡಿ ಹನ್ನೊಂದು. ಅಕ್ಷರ ಬಾರದು. ಪ್ಲಗ್ಗಿನ ಮೇಲೆ ಒತ್ತಿದ ನಂಬರಿನ ಗೊಡವೆಗೇ ಹೋಗುವುದಿಲ್ಲ. ತಲೆಕೆಳಗು ಮಾಡಿ, ಒಳಗಿನ ಬಿಳಿ ಪಿಂಗಾಣಿಯ ಮೂಗಿಗೆ ಕಡ್ಡಿ ಇಟ್ಟು ಉದ್ದವೋ ಗಿಡ್ಡವೋ ಅಳೆಯುತ್ತಾರೆ. ಉದ್ದ ಮೂಗಿನದು ಬಿಸಿ ಪ್ಲಗ್ಗು, ಗಿಡ್ಡ ಮೂಗಿನದು ತಣ್ಣನೆಯದು. ಯಾಕೆಂದು ಕೇಳುವ ಡ್ರೈವರುಗಳಿಗೆ ಅವರು ಹೇಳುವುದು ಹೀಗೆ:

"ಬಸ್ಸಲ್ಲಿ ಬಾಗ್ಲತ್ರ ಕೂತೋನು ಬೇಗ ಇಳ್ಕೋತಾನೆ, ಹಿಂದಿನ ಸೀಟಿನೋನು ಒಳಗೇ ಬೇಯ್ತಾನೆ. ಶಾಖಾನೂ ಅಷ್ಟೇ ಕಣಪ್ಪಾ. ಮೂಗು ಗಿಡ್ಡ ಇದ್ರೆ ಇಂಜಿನ್ ತಲೆಗೆ ಬೇಗ ಇಳಿದೋಗುತ್ತೆ, ಉದ್ದ ಇದ್ರೆ ಅಲ್ಲೇ ಕೂತ್ಕೊಳುತ್ತೆ."

ಉದ್ದ ಮೂಗಿನ ಪ್ಲಗ್ಗು ತಾನಾಗಿ ಇಂಜಿನ್ನಿಗೆ ಬಿಸಿ ತುಂಬುವುದಿಲ್ಲ. ಆದರೆ ಭಾರ ಎಳೆಯುವಾಗ ಆ ಮೂಗು ಕೆಂಡವಾದರೆ, ಕಿಡಿ ಹಾರುವ ಮೊದಲೇ ಪೆಟ್ರೋಲಿಗೆ ಬೆಂಕಿ ತಗಲುತ್ತದೆ. ಆಗ ಇಂಜಿನ್ ಕಾಯುತ್ತದೆ, ಪಿಸ್ಟನ್ ತೂತು ಬೀಳುತ್ತದೆ.

ಚನ್ನಕೇಶವನ ಬಸ್ಸಿಗೆ ಆಗಿರುವುದು ಅದೇ. ಮಾಗಡಿಗೆ ಓಡುವ ಹಳೆಯ ಪೆಟ್ರೋಲ್ ಬಸ್ಸಿನ ಡ್ರೈವರ್ ಆತ. ಎರಡು ತಿಂಗಳಲ್ಲಿ ಎರಡು ಪಿಸ್ಟನ್ ಸುಟ್ಟಿವೆ. ಮೂರನೆಯದು ಸುಟ್ಟರೆ ಸ್ಟೀರಿಂಗ್ ಬೇರೆಯವನಿಗೆ ಎಂದು ಮಾಲೀಕ ಹೇಳಿಯಾಗಿದೆ.

ಆರು ಗಂಟೆಗೆ ಬಸ್ಸು ಮರದ ಬಳಿ ನಿಂತಿದೆ. ಚನ್ನಕೇಶವ ಒಂದು ಪ್ಲಗ್ಗು ಬಿಚ್ಚಿ ತಂದು ಹನುಮಕ್ಕನ ಮುಂದೆ ಹಿಡಿಯುತ್ತಾನೆ.

"ನೋಡಕ್ಕಾ, ಇನ್ನೂ ಮಸಿ! ಕರಿ ಹಿಡಿದ್ರೆ ಉದ್ದ ಮೂಗಿಂದು ಹಾಕು, ಮಸಿ ಸುಟ್ಟೋಗುತ್ತೆ ಅಂದೋರು ನೀವೇ. ಹಾಕ್ದೆ. ಈಗ ನನ್ನ ಹೊಟ್ಟೆ ಮೇಲೆ ಹೊಡೀತೀರಾ?"

ಹನುಮಕ್ಕ ಪ್ಲಗ್ಗು ತಿರುಗಿಸಿ ನೋಡುತ್ತಾರೆ. ಮಸಿ ಒರೆಸಿದರೆ ಕೆಳಗೆ ಸುಣ್ಣದ ಬಿಳುಪು, ವಿಪರೀತ ಕಾದದ್ದರ ಗುರುತು.

"ಎಷ್ಟೊತ್ತು ನಿಲ್ಸಿದ್ದೆ ಸ್ಟ್ಯಾಂಡಲ್ಲಿ?"

"ಅರ್ಧ ಗಂಟೆ. ಜನ ತುಂಬಬೇಕಲ್ಲ."

"ಇಂಜಿನ್ ಆರಿಸಿದ್ಯಾ?"

"ಆರಿಸಿದ್ರೆ ಮತ್ತೆ ಸ್ಟಾರ್ಟ್ ಮಾಡೋಕೆ ಮುಂದೆ ಹೋಗಿ ಹ್ಯಾಂಡಲ್ ತಿರುಗ್ಸೋರು ಯಾರು? ಇಲ್ಲಿ ಯಾವ ಡ್ರೈವರ್ ಆರಿಸ್ತಾನೆ ಹೇಳಿ!"

ಹನುಮಕ್ಕ ಎದ್ದು ನಿಲ್ಲುತ್ತಾರೆ. ನಿಂತಲ್ಲೇ ಗುರುಗುಟ್ಟುವ ಇಂಜಿನ್ ಪ್ಲಗ್ಗಿಗೆ ಮಸಿ ಬಳಿಯುತ್ತದೆ. ಹನ್ನೊಂದು ವರ್ಷದಿಂದ ಅವರು ಓದುತ್ತಿರುವುದು ಸ್ಟ್ಯಾಂಡಿನ ಮಸಿಯನ್ನು, ರಸ್ತೆಯಲ್ಲಿ ಭಾರ ಎಳೆಯುವಾಗ ಪ್ಲಗ್ಗು ತಳೆಯುವ ಬಣ್ಣವನ್ನಲ್ಲ.

"ತಪ್ಪು ನಂದೇ ಕಣೋ ಕೇಶವ. ಇದನ್ನೇ ಮತ್ತೆ ಕೂರಿಸಿ ನಡಿ, ಏರಲ್ಲಿ ಬಿಚ್ಚಿ ನೋಡ್ಬೇಕು, ನಾನೂ ಬರ್ತೀನಿ." ಗಿಡ್ಡ ಮೂಗಿನ ಆರು ಪ್ಲಗ್ಗು ಮಡಿಲಿಗೆ ಕಟ್ಟಿಕೊಂಡು ಡ್ರೈವರ್ ಪಕ್ಕದಲ್ಲಿ ಕೂರುತ್ತಾರೆ.

ಹೆಗ್ಗನಹಳ್ಳಿ ಕಡೆಯ ದಾರಿ ದಾಟಿ ಬ್ಯಾಡರಹಳ್ಳಿಗೆ ಮೊದಲಿನ ಏರು. ಬಸ್ಸಿನ ತುಂಬ ಜನ. ಇಂಜಿನ್ ಒಳಗೆ ಯಾರೋ ಕಲ್ಲು ಕುಟ್ಟಿದ ಹಾಗೆ ಕಟಕಟ ಶುರುವಾಗುತ್ತದೆ. ಏರಿನ ನೆತ್ತಿ ಬರುತ್ತಲೇ ಹನುಮಕ್ಕ ಕೂಗುತ್ತಾರೆ: "ಕ್ಲಚ್ ಒತ್ತು, ಸ್ವಿಚ್ ಆರಿಸು! ಈಗ್ಲೇ, ಮಸಿ ಕೂರೋ ಮುಂಚೆ!"

ಚನ್ನಕೇಶವ ಆರಿಸುತ್ತಾನೆ. ಇಂಜಿನ್ ನಿಲ್ಲುವುದಿಲ್ಲ! ಕಿಡಿಯೇ ಇಲ್ಲದೆ ಗಡಗಡ ನಡುಗುತ್ತ ಓಡಿ, ಕೊನೆಗೆ ಕೆಮ್ಮಿ ನಿಲ್ಲುತ್ತದೆ.

ಮಾರ್ಕೆಟ್ಟಿನಿಂದ ಖಾಲಿ ಬುಟ್ಟಿ ಹೊತ್ತು ಬಂದಿದ್ದ ಚಿಕ್ಕಲಕ್ಷ್ಮಮ್ಮ ಹಿಂದಿನಿಂದ ಕಿರುಚುತ್ತಾಳೆ. "ಅಯ್ಯೋ, ಬಸ್ಸಿಗೆ ದೆವ್ವ ಬಡಿದೈತೆ!"

"ದೆವ್ವ ಅಲ್ಲ ಕಣಮ್ಮಾ, ಮೂಗು ಕಾದೈತೆ!" ಎನ್ನುತ್ತಾರೆ ಹನುಮಕ್ಕ.

ಪಂಚೆ ತುಂಡಿನಲ್ಲಿ ಹಿಡಿದು ಪ್ಲಗ್ಗು ಬಿಚ್ಚಿದರೆ ಮಸಿಯ ಸುಳಿವಿಲ್ಲ. ಆರೂ ಸುಣ್ಣದ ಹಾಗೆ ಬಿಳಿ. ತುದಿಯ ಲೋಹ ಕರಗಿ ಗುಳ್ಳೆ ಎದ್ದಿದೆ. ಕಾಲು ಗಂಟೆಯಲ್ಲಿ ಗಿಡ್ಡ ಮೂಗಿನವು ಕೂರುತ್ತವೆ. ಚನ್ನಕೇಶವ ಬೆವರು ಸುರಿಸುತ್ತ ಹ್ಯಾಂಡಲ್ ತಿರುಗಿಸುತ್ತಾನೆ.

ಮುಂದಿನ ಏರು ಇನ್ನೂ ಉದ್ದ. ಕಟಕಟ ಇಲ್ಲ. ನೆತ್ತಿಯಲ್ಲಿ ಸ್ವಿಚ್ ಆರಿಸಿದ ಕೂಡಲೇ ಇಂಜಿನ್ ತೆಪ್ಪಗಾಗುತ್ತದೆ. ಬಿಚ್ಚಿದ ಪ್ಲಗ್ಗಿಗೆ ರಾಗಿ ಹಿಟ್ಟಿನ ಬಣ್ಣ. ಇರಬೇಕಾದದ್ದೇ ಅದು. ಪ್ರಯಾಣಿಕರೆಲ್ಲ ಇಳಿದು ಸುತ್ತ ಮುತ್ತಿಕೊಳ್ಳುತ್ತಾರೆ. ಚಿಕ್ಕಲಕ್ಷ್ಮಮ್ಮನಿಗೂ ಪ್ಲಗ್ಗು ನೋಡಲೇಬೇಕು.

"ಇನ್ಮೇಲೆ ಸ್ಟ್ಯಾಂಡಲ್ಲಿ ಆರಿಸು," ಹನುಮಕ್ಕ ಚನ್ನಕೇಶವನಿಗೆ ಹೇಳುತ್ತಾರೆ. "ಇಲ್ದಿದ್ರೆ ಇವೂ ಮಸಿ ಹಿಡೀತಾವೆ. ಹ್ಯಾಂಡಲ್ ತಿರುಗ್ಸೋಕೆ ಸೋಮಾರಿತನ ಪಟ್ರೆ ನನ್ನತ್ರ ಬರ್ಬೇಡ."

"ನೀವೇ ಬಂದು ತಿರುಗ್ಸಿ ಅಕ್ಕಾ!" ಎಂದು ಆತ ನಗುತ್ತಾನೆ. ಎರಡು ತಿಂಗಳ ಮೇಲೆ ನಕ್ಕ ನಗೆ ಅದು.

ಹನುಮಕ್ಕನಿಗೆ ಒಂದೇ ಆಸೆ. "ಪ್ಲಗ್ಗಿನ ಡಬ್ಬಿ ಮೇಲೆ ನಂಬರ್ ಪಕ್ಕ ಮೂಗಿನ ಚಿತ್ರಾನೂ ಬರೀಲಿ. ನನ್ನಂಥೋರ್ಗೂ ಓದೋಕಾಗುತ್ತೆ."

ಎಂಟು ದಿನದ ಬಳಿಕ ಮಾಲೀಕ ಇಂಜಿನ್ ಬಿಚ್ಚಿಸಿ ನೋಡಿದ. ಆರೂ ಪಿಸ್ಟನ್ ನೆಟ್ಟಗಿದ್ದವು. ಮರುದಿನದ ಮಾಗಡಿ ಬಸ್ಸನ್ನು ಚನ್ನಕೇಶವನೇ ಓಡಿಸಿದ.